ಹುಕುಂ ಕೊಟ್ಟವರು, ಕೈಯಾರೆ ಕೊಂದವರು: ಯಹೂದಿಗಳ ಹತ್ಯಾಕಾಂಡಕ್ಕೆ ಹೊಣೆ ಯಾರು?

ಓದುಗರ ಪ್ರಶ್ನೆ: ಯಹೂದಿಗಳ ಹತ್ಯಾಕಾಂಡದ ಬಗ್ಗೆ ಎಲ್ಲಿ ಓದಿದರೂ ಹಿಟ್ಲರ್, ಹಿಮ್ಲರ್, ಐಕ್‌ಮನ್ ಅಂತ ನಾಲ್ಕೈದು ಹೆಸರುಗಳೇ ಬರುತ್ತವೆ. 60 ಲಕ್ಷ ಜನರನ್ನು ನಾಲ್ಕೈದು ಜನ ಕೊಲ್ಲುವುದಕ್ಕೆ ಆಗುವುದಿಲ್ಲ ಅಲ್ವಾ? ಹಾಗಾದರೆ ಕೊಂದವರು ಯಾರು? ಒಪ್ಪದಿದ್ದರೆ ಅವರಿಗೇ ಗುಂಡು ಬೀಳುತ್ತಿತ್ತು, ಹಾಗಾಗಿ ಸಿಪಾಯಿಗಳದೇನೂ ತಪ್ಪಿಲ್ಲ ಅಂತ ಕೆಲವರು ಹೇಳುತ್ತಾರೆ. ಹಿಟ್ಲರ್ ಸಹಿ ಹಾಕಿದ ಆದೇಶವೇ ಸಿಕ್ಕಿಲ್ಲ ಅಂತ ಇನ್ನು ಕೆಲವರು. ಈಚೆಗೆ 97 ವರ್ಷದ ಮುದುಕಿಗೂ ಶಿಕ್ಷೆ ಆಯಿತು ಅಂತ ಓದಿದೆ. ಅದು ಸರಿಯೇ?

ಉತ್ತರ: ಹಿಟ್ಲರನ ಸಹಿಯ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ. ಇಂಟರ್‌ನೆಟ್‌ನಲ್ಲಿ ಜಾಸ್ತಿ ಹರಿದಾಡುವುದು ಇದೇ ಮಾತು. ಇದರ ಹಿಂದೆ ಬಹಳ ಸಲ ಕೆಟ್ಟ ಉದ್ದೇಶವೂ ಇರುತ್ತದೆ.

ಯುರೋಪಿನ ಯಹೂದಿಗಳನ್ನೆಲ್ಲ ಕೊಲ್ಲಿ ಎಂದು ಹಿಟ್ಲರ್ ಸಹಿ ಹಾಕಿದ ಕಾಗದ ಇದುವರೆಗೆ ಸಿಕ್ಕಿಲ್ಲ. ಇದು ನಿಜ. ಆದರೆ ಆತನಿಗೆ ಗೊತ್ತಿಲ್ಲದೆ ನಡೆಯಿತು ಎನ್ನುವುದು ಶುದ್ಧ ಸುಳ್ಳು. ಆತ ಒಮ್ಮೆ ಇಂಥ ಕಾಗದಕ್ಕೆ ಸಹಿ ಹಾಕಿದ್ದುಂಟು. 1939ರ ಅಕ್ಟೋಬರಿನಲ್ಲಿ, ಅಂಗವಿಕಲರನ್ನೂ ಮಾನಸಿಕ ರೋಗಿಗಳನ್ನೂ ಕೊಲ್ಲಲು ವೈದ್ಯರಿಗೆ ಅಧಿಕಾರ ಕೊಡುವ ಪತ್ರ ಅದು. ಯುದ್ಧ ಶುರುವಾದ ದಿನಕ್ಕೆ ಹೊಂದಲಿ ಎಂದು ಅದಕ್ಕೆ ಸೆಪ್ಟೆಂಬರ್ 1ರ ತಾರೀಖು ಹಾಕಿದ್ದರು. ಎರಡು ವರ್ಷದೊಳಗೆ 70,000 ರೋಗಿಗಳು ಗ್ಯಾಸಿಗೆ ಬಲಿಯಾದರು. ಸುದ್ದಿ ಊರೂರಿಗೆ ಹಬ್ಬಿತು. 1941ರ ಆಗಸ್ಟಿನಲ್ಲಿ ಬಿಷಪ್ ಗಾಲೆನ್ ಚರ್ಚಿನಲ್ಲಿ ನಿಂತು ಇದು ಕೊಲೆ ಎಂದು ಸಾರಿದರು. ಅದೇ ತಿಂಗಳು ಹಿಟ್ಲರ್ ಆ ಕೆಲಸವನ್ನು ಅಧಿಕೃತವಾಗಿ ನಿಲ್ಲಿಸಬೇಕಾಯಿತು, ಗುಟ್ಟಾಗಿ ಅದು ಮುಂದುವರಿಯಿತು ಅನ್ನುವುದು ಬೇರೆ ಮಾತು. ಯಹೂದಿಗಳ ವಿಷಯದಲ್ಲಿ ಆತ ಬಾಯಿಮಾತನ್ನೇ ನಂಬಿಕೊಂಡಿದ್ದಕ್ಕೆ ಈ ಅನುಭವವೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಬೇರೆ ಸಾಕ್ಷಿಗಳಿಗೆ ಬರವಿಲ್ಲ. 1939ರ ಜನವರಿ 30ರಂದು ಹಿಟ್ಲರ್ ಜರ್ಮನ್ ಸಂಸತ್ತಿನಲ್ಲಿ, ಮತ್ತೊಂದು ಮಹಾಯುದ್ಧವಾದರೆ ಯುರೋಪಿನ ಯಹೂದಿ ಕುಲವೇ ನಾಶವಾಗುತ್ತದೆ ಎಂದು ಬಹಿರಂಗವಾಗಿ ಹೇಳಿದ. 1941ರ ಡಿಸೆಂಬರ್ 12ರಂದು ಪಕ್ಷದ ಮುಖಂಡರನ್ನು ಕರೆಸಿ ಅದೇ ಮಾತನ್ನು ನೆನಪಿಸಿದ, ಪ್ರಚಾರ ಮಂತ್ರಿ ಗೊಬೆಲ್ಸ್ ಅದನ್ನು ತನ್ನ ಡೈರಿಯಲ್ಲಿ ಬರೆದಿಟ್ಟ. ಡಿಸೆಂಬರ್ 18ರಂದು ಹಿಟ್ಲರನನ್ನು ಕಂಡು ಬಂದ ಹಿಮ್ಲರ್ (ಎಸ್‌ಎಸ್ ಎಂಬ ನಾಜಿ ಪಡೆಯ ಮುಖ್ಯಸ್ಥ), ಯಹೂದಿಗಳನ್ನು ಗೆರಿಲ್ಲಾಗಳೆಂದು ಲೆಕ್ಕ ಹಾಕಿ ಮುಗಿಸಬೇಕು ಎಂಬ ಅರ್ಥದ ಟಿಪ್ಪಣಿಯನ್ನು ತನ್ನ ಭೇಟಿ ಪುಸ್ತಕದಲ್ಲಿ ಗೀಚಿಕೊಂಡ.

ಇನ್ನೊಂದು ಕಾಗದ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1942ರ ಡಿಸೆಂಬರ್ ಕೊನೆಯಲ್ಲಿ ಹಿಮ್ಲರ್ ಹಿಟ್ಲರನಿಗೆ ಕಳಿಸಿದ 51ನೇ ವರದಿ ಅದು. ದಕ್ಷಿಣ ರಷ್ಯಾ, ಉಕ್ರೇನ್ ಮತ್ತು ಬಿಯಾಲಿಸ್ಟಾಕ್ ಕಡೆ ಆಗಸ್ಟಿನಿಂದ ನವೆಂಬರಿನವರೆಗೆ, ನಾಲ್ಕು ತಿಂಗಳಲ್ಲಿ ಏನೇನು ಮಾಡಿದೆವು ಎಂಬ ಲೆಕ್ಕ ಅದರಲ್ಲಿದೆ. ಇಷ್ಟು ಗೆರಿಲ್ಲಾಗಳು, ಇಷ್ಟು ಶಂಕಿತರು. ಕೆಳಗೆ ಬೇರೆಯದೇ ಸಾಲು: ಕೊಂದ ಯಹೂದಿಗಳು, 3,63,211. ಹಿಟ್ಲರನ ಕಣ್ಣು ಮಂದವಾಗಿತ್ತು, ಆದರೆ ಕನ್ನಡಕ ಹಾಕುವುದು ಇಷ್ಟವಿರಲಿಲ್ಲ. ಅದಕ್ಕೆ ಆತನಿಗೆ ಹೋಗುವ ಕಾಗದಗಳನ್ನು ದೊಡ್ಡ ಅಕ್ಷರದ ವಿಶೇಷ ಟೈಪ್‌ರೈಟರಿನಲ್ಲಿ ಹೊಡೆಯುತ್ತಿದ್ದರು. ಈ ವರದಿಯೂ ಆ ದೊಡ್ಡ ಅಕ್ಷರದಲ್ಲೇ ಇದೆ.

ಹಾಗಾದರೆ ಎಲ್ಲವೂ ಮೇಲಿನಿಂದಲೇ ಇಳಿಯಿತೇ? ಇಲ್ಲೇ ನಿಮ್ಮ ಪ್ರಶ್ನೆಯ ಗಟ್ಟಿ ಭಾಗ ಇರುವುದು. ಇತಿಹಾಸಕಾರರಲ್ಲೂ ಇದರ ಮೇಲೆ ಬಹಳ ವರ್ಷ ವಾಗ್ವಾದ ನಡೆಯಿತು. ಹಿಟ್ಲರ್ ಮೊದಲಿನಿಂದಲೇ ಯೋಚಿಸಿ ಮಾಡಿದ್ದು ಎಂದು ಒಂದು ಪಂಗಡ. ಕೆಳಗಿನ ಅಧಿಕಾರಿಗಳು ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು ಹೆಜ್ಜೆ ಹೆಜ್ಜೆಯಾಗಿ ಅಲ್ಲಿಗೆ ತಂದು ನಿಲ್ಲಿಸಿದರು ಎಂದು ಇನ್ನೊಂದು ಪಂಗಡ. ಈಗ ಹೆಚ್ಚಿನವರು ಎರಡೂ ಒಟ್ಟಿಗೆ ನಡೆದವು ಎಂದು ಒಪ್ಪುತ್ತಾರೆ. ಹಿಟ್ಲರ್ ಏನು ಬೇಕು ಅನ್ನುವುದನ್ನು ಹೇಳುತ್ತಿದ್ದ, ಹೇಗೆ ಅನ್ನುವುದನ್ನು ಕೆಳಗಿನವರು ಹುಡುಕುತ್ತಿದ್ದರು. ಸುಮ್ನೆ ಹೇಳಿದಷ್ಟು ಮಾಡಿದವರಿಗೆ ಬಡ್ತಿ ಸಿಗುತ್ತಿರಲಿಲ್ಲ. ಹೇಳುವ ಮುಂಚೆಯೇ ಒಂದು ಹೆಜ್ಜೆ ಮುಂದೆ ಹೋದವರಿಗೆ ಸಿಗುತ್ತಿತ್ತು.

1942ರ ಜನವರಿ 20ರಂದು ಬರ್ಲಿನ್ ಹೊರವಲಯದ ವಾನ್‌ಸೀ ಕೆರೆಯ ದಂಡೆಯ ಬಂಗಲೆಯಲ್ಲಿ ನಡೆದ ಸಭೆಯನ್ನೇ ನೋಡಿ. ಅಲ್ಲಿ ಕೊಲ್ಲುವ ತೀರ್ಮಾನ ಆಯಿತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅಷ್ಟು ಹೊತ್ತಿಗೆ ಪೂರ್ವದಲ್ಲಿ ಲಕ್ಷಾಂತರ ಜನರನ್ನು ಕೊಂದಾಗಿತ್ತು. ಕೀವ್ ಊರಿನ ಬಾಬಿ ಯಾರ್ ಕಣಿವೆಯೊಂದರಲ್ಲೇ 1941ರ ಸೆಪ್ಟೆಂಬರ್ 29 ಮತ್ತು 30ರಂದು, ಎರಡು ದಿನದಲ್ಲಿ 33,771 ಜನ. ಹಿಮ್ಲರನ ಕೈಕೆಳಗಿನ ಭದ್ರತಾ ಪೊಲೀಸ್ ಮುಖ್ಯಸ್ಥ ಹೈಡ್ರಿಖ್ ವಾನ್‌ಸೀಗೆ ಸಭೆ ಕರೆದದ್ದು ಎಲ್ಲ ಇಲಾಖೆಗಳನ್ನೂ ಒಂದು ದಾರಿಗೆ ತರಲು. ಹಿಟ್ಲರನ ನಂತರದ ಸ್ಥಾನದಲ್ಲಿದ್ದ ಗೋರಿಂಗ್ ಹಿಂದಿನ ವರ್ಷದ ಜುಲೈ 31ರಂದು ಆತನಿಗೆ ಆ ಅಧಿಕಾರ ಬರೆದುಕೊಟ್ಟಿದ್ದ. ಮೇಜಿನ ಸುತ್ತ 15 ಜನ. ನ್ಯಾಯ ಇಲಾಖೆ, ಗೃಹ ಇಲಾಖೆ, ವಿದೇಶಾಂಗ ಇಲಾಖೆ, ಎಲ್ಲದರ ದೊಡ್ಡ ಅಧಿಕಾರಿಗಳಿದ್ದರು. ಅವರಲ್ಲಿ ಎಂಟು ಜನ ಡಾಕ್ಟರೇಟ್ ಪಡೆದವರು. ಸಭೆ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಹೈಡ್ರಿಖ್ ಕಚೇರಿಯಲ್ಲಿ ಯಹೂದಿಗಳ ವಿಷಯ ನೋಡಿಕೊಳ್ಳುತ್ತಿದ್ದ ಐಕ್‌ಮನ್ ಸಿದ್ಧಪಡಿಸಿದ ನಡಾವಳಿಯಲ್ಲಿ ದೇಶವಾರು ಪಟ್ಟಿ ಇದೆ, ಒಟ್ಟು 1 ಕೋಟಿ 10 ಲಕ್ಷ ಯಹೂದಿಗಳು. ಅದರಲ್ಲಿ ಜರ್ಮನಿ ಗೆಲ್ಲದೇ ಇದ್ದ ಇಂಗ್ಲೆಂಡಿನ 3,30,000 ಜನ ಇದ್ದಾರೆ. ಯುದ್ಧಕ್ಕೇ ಬರದ ಐರ್ಲೆಂಡಿನ 4,000 ಜನರೂ ಇದ್ದಾರೆ. ಒಬ್ಬನಾದರೂ ಇದು ಬೇಡ ಎಂದು ಬಾಯಿಬಿಟ್ಟದ್ದು ಆ ನಡಾವಳಿಯಲ್ಲಿ ಇಲ್ಲ. ಪೋಲೆಂಡ್ ಆಡಳಿತದ ಪ್ರತಿನಿಧಿಯಾಗಿ ಬಂದಿದ್ದ ಬ್ಯೂಲರ್ ಕೇಳಿದ್ದು ಒಂದೇ, ನಮ್ಮ ಕಡೆಯಿಂದಲೇ ಮೊದಲು ಶುರುಮಾಡಿ ಎಂದು.

ಈ ಮಾತನ್ನು ಆತನ ಬಾಯಿಂದ ಯಾರೂ ಹೊರಡಿಸಿರಲಿಲ್ಲ. ಇದನ್ನು ಮರೆಯಬೇಡಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಒಪ್ಪದಿದ್ದರೆ ಗುಂಡು ಬೀಳುತ್ತಿತ್ತೇ?

ಇದಕ್ಕೆ ಉತ್ತರ ಕೊಡಲು ನಾನು ಯಾವಾಗಲೂ ಒಂದು ಹಳ್ಳಿಯ ಕಥೆ ಹೇಳುತ್ತೇನೆ. ಬೆಲಾರೂಸಿನ ಕ್ರುಚಾ. 1941ರ ಅಕ್ಟೋಬರ್. ಅಲ್ಲಿದ್ದದ್ದು ಹಿಮ್ಲರನ ಎಸ್‌ಎಸ್ ಪಡೆಯಲ್ಲ, ಮಾಮೂಲಿ ಜರ್ಮನ್ ಸೈನ್ಯ. 691ನೇ ಕಾಲಾಳು ರೆಜಿಮೆಂಟಿನ ಮೊದಲ ಬೆಟಾಲಿಯನ್. ಅದರ ಕಮಾಂಡರ್ ಮೇಜರ್ ಕೊಮ್ಮಿಖಾವ್ ತನ್ನ ಕೈಕೆಳಗಿನ ಮೂರು ಕಂಪನಿಗಳ ಮುಖ್ಯಸ್ಥರಿಗೆ ಒಂದೇ ಹುಕುಂ ಕೊಟ್ಟ: ನಿಮ್ಮ ನಿಮ್ಮ ಪ್ರದೇಶದ ಯಹೂದಿಗಳನ್ನೆಲ್ಲ ಕೊಂದುಬಿಡಿ. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರನ್ನೂ.

ಮೊದಲನೆಯವನು ಕೂಲ್ಸ್. ಹೇಳಿದ ಕೂಡಲೇ ಮಾಡಿದ. ಎರಡನೆಯವನು ಸಿಬಿಲೆ. ಆತ ಹಿಟ್ಲರನ ಪಕ್ಷದ ಸದಸ್ಯ, ಮೊದಲ ಮಹಾಯುದ್ಧ ಕಂಡವನು, ವೃತ್ತಿಯಿಂದ ಮೇಷ್ಟ್ರು. ಯೋಚಿಸಿದ, ಕಮಾಂಡರನಿಗೆ ಫೋನ್ ಮಾಡಿದ, ನನ್ನ ಕಂಪನಿ ಈ ಕೆಲಸ ಮಾಡುವುದಿಲ್ಲ ಎಂದು ನೇರವಾಗಿ ಹೇಳಿದ. ಕಮಾಂಡರ್ ಒತ್ತಾಯ ಮಾಡಿದ, ನೀನು ಗಟ್ಟಿಯಾಗುವುದು ಯಾವಾಗ ಎಂದು ಕೆಣಕಿದ. ಸಿಬಿಲೆ ಜಗ್ಗಲಿಲ್ಲ. ಮೂರನೆಯವನು ನ್ಯೋಲ್. ಈತನೂ ಮೊದಲ ಮಹಾಯುದ್ಧ ಕಂಡವನೇ, ಈತನೂ ಮೇಷ್ಟ್ರೇ. ಈತನಿಗೆ ಮನಸ್ಸಿರಲಿಲ್ಲ. ಲಿಖಿತ ಆದೇಶ ಕೊಡಿ ಎಂದು ಕೇಳಿದ. ಬರುವುದಿಲ್ಲ ಅಂದುಕೊಂಡಿದ್ದನೋ ಏನೋ, ಆದರೆ ಆದೇಶ ಬಂತು. ಆಗ ಆ ಕೆಲಸವನ್ನು ತನ್ನ ಸಾರ್ಜೆಂಟ್ ಝಿಂಬರನ ತಲೆಗೆ ಕಟ್ಟಿ ತಾನು ದೂರ ನಿಂತ. ಕ್ರುಚಾದ ಯಹೂದಿಗಳೆಲ್ಲ ಅಂದು ಸತ್ತರು.

ಹಾಗಾದರೆ ಆಗುವುದಿಲ್ಲ ಎಂದ ಸಿಬಿಲೆಗೆ ಏನಾಯಿತು? ಏನೂ ಆಗಲಿಲ್ಲ. ಕೋರ್ಟ್ ಮಾರ್ಷಲ್ ಇಲ್ಲ, ಜೈಲಿಲ್ಲ. ಯುದ್ಧ ಮುಗಿದ ಮೇಲೆ, 1954ರಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್ ಕೋರ್ಟಿನಲ್ಲಿ ಅಪರಾಧಿಗಳಾಗಿ ನಿಂತವರು ನ್ಯೋಲ್ ಮತ್ತು ಝಿಂಬರ್.

ಒಂದೇ ಸೈನ್ಯ, ಒಂದೇ ವಾರ, ಒಂದೇ ಹುಕುಂ. ಇಬ್ಬರು ಮೇಷ್ಟ್ರುಗಳ ವಯಸ್ಸು, ಹಿನ್ನೆಲೆ ಹೆಚ್ಚುಕಮ್ಮಿ ಒಂದೇ. ಕೊಲ್ಲದೆ ಬೇರೆ ದಾರಿಯೇ ಇರಲಿಲ್ಲ ಎನ್ನುವವರಿಗೆ ನಾನು ಇದಕ್ಕಿಂತ ದೊಡ್ಡ ಉತ್ತರ ಕೊಡಲಾರೆ.

ಇದು ಒಂದು ಬಿಡಿ ಪ್ರಸಂಗ ಅನ್ನಬಹುದು. ಅಲ್ಲ. ಯುದ್ಧದ ನಂತರ ನೂರಾರು ಮೊಕದ್ದಮೆಗಳಲ್ಲಿ ಆರೋಪಿಗಳ ವಕೀಲರು ಇದೇ ವಾದ ಹೂಡಿದರು. ನಿಶ್ಶಸ್ತ್ರ ಯಹೂದಿಗಳನ್ನು ಕೊಲ್ಲಲು ಒಪ್ಪದ್ದಕ್ಕೆ ಒಬ್ಬ ಸಿಪಾಯಿಯನ್ನೋ ಪೊಲೀಸನನ್ನೋ ಗುಂಡಿಟ್ಟರು ಎಂಬ ಒಂದೇ ಒಂದು ಪಕ್ಕಾ ಉದಾಹರಣೆಯನ್ನು ಅವರಿಂದ ತೋರಿಸಲು ಆಗಲಿಲ್ಲ. ಬೈಗುಳ ತಿಂದವರಿದ್ದಾರೆ, ಬೇರೆ ಕಡೆಗೆ ವರ್ಗವಾದವರಿದ್ದಾರೆ, ಬಡ್ತಿ ತಪ್ಪಿದವರಿದ್ದಾರೆ. ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ: ನಾನು ಕೊಲ್ಲುವುದಿಲ್ಲ ಎನ್ನುವುದು ಬೇರೆ, ಯಹೂದಿಗಳನ್ನು ಉಳಿಸುತ್ತೇನೆ ಎನ್ನುವುದು ಬೇರೆ. ಎರಡನೆಯದಕ್ಕೆ ಜೀವ ಹೋಗುತ್ತಿತ್ತು. ವಿಲ್ನಿಯಸ್‌ನಲ್ಲಿ ಯಹೂದಿಗಳನ್ನು ಸೈನ್ಯದ ಲಾರಿಯಲ್ಲಿ ಸಾಗಿಸಿ ಕಾಪಾಡಿದ ಆಸ್ಟ್ರಿಯಾದ ಸಾರ್ಜೆಂಟ್ ಆಂಟನ್ ಶ್ಮಿಡ್‌ರನ್ನು 1942ರ ಏಪ್ರಿಲಿನಲ್ಲಿ ಕೊಂದರು. ಕೊಂದವರು ತಮ್ಮ ಸಮರ್ಥನೆಗೆ ಇಂಥವರ ಸಾವನ್ನು ಬಳಸಿಕೊಳ್ಳುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹ್ಯಾಂಬರ್ಗಿನ 101ನೇ ಮೀಸಲು ಪೊಲೀಸ್ ಬೆಟಾಲಿಯನ್ ಬಗ್ಗೆ ನೀವು ಕೇಳಿರಬಹುದು. ಸುಮಾರು 500 ಜನ. ಹೆಚ್ಚಿನವರು ನಡುವಯಸ್ಸಿನ ಸಂಸಾರಸ್ಥರು, ಬಂದರಿನಲ್ಲಿ, ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ ದುಡಿದವರು. ಹಿಟ್ಲರ್ ಬರುವ ಮೊದಲೇ ಬೆಳೆದು ದೊಡ್ಡವರಾದವರು. 1942ರ ಜುಲೈ 13ರ ಬೆಳಗಿನ ಜಾವ ಪೋಲೆಂಡಿನ ಯೂಜೆಫೂಫ್ ಎಂಬ ಹಳ್ಳಿಯ ಹತ್ತಿರ ಮೇಜರ್ ಟ್ರಾಪ್ ಇವರನ್ನು ಸಾಲಾಗಿ ನಿಲ್ಲಿಸಿದ. ಕಣ್ಣಲ್ಲಿ ನೀರಿಟ್ಟುಕೊಂಡೇ, ಹಳ್ಳಿಯ ಯಹೂದಿಗಳನ್ನು ಕೊಲ್ಲಬೇಕಾಗಿದೆ ಎಂದ. ವಯಸ್ಸಾದವರಲ್ಲಿ ಯಾರಿಗೆ ಆಗುವುದಿಲ್ಲವೋ ಅವರು ಮುಂದೆ ಬನ್ನಿ ಎಂದೂ ಹೇಳಿದ. ಒಬ್ಬ ಮುಂದೆ ಬಂದ. ಅವನ ಕಂಪನಿಯ ಕ್ಯಾಪ್ಟನ್ ರೇಗಿದ. ಟ್ರಾಪ್ ಆ ಕ್ಯಾಪ್ಟನ್ನನ್ನೇ ತಡೆದ. ಅದನ್ನು ನೋಡಿ ಇನ್ನೂ ಹತ್ತು ಹನ್ನೆರಡು ಜನ ಹೊರಬಂದರು, ಬಂದೂಕು ಒಪ್ಪಿಸಿ ಪಕ್ಕಕ್ಕೆ ನಿಂತರು. ಉಳಿದವರು ಸಾಲು ಬಿಡಲಿಲ್ಲ. ಕೆಲವರು ಕೊಲ್ಲುತ್ತ ಕೊಲ್ಲುತ್ತ ನಡುವೆ ತಪ್ಪಿಸಿಕೊಂಡರು. ಹೆಚ್ಚಿನವರು ಸಂಜೆಯವರೆಗೂ ಗುಂಡು ಹಾರಿಸಿದರು. ಸುಮಾರು 1,500 ಜನ ಸತ್ತರು. ರಾತ್ರಿ ಸಿಪಾಯಿಗಳಿಗೆ ಜಾಸ್ತಿ ಹೆಂಡ ಹಂಚಿದರು. ಮುಂದಿನ ಒಂದೂವರೆ ವರ್ಷದಲ್ಲಿ ಇದೇ ಬೆಟಾಲಿಯನ್ ಕನಿಷ್ಠ 38,000 ಜನರನ್ನು ಕೊಂದಿತು, 45,000 ಜನರನ್ನು ಟ್ರೆಬ್ಲಿಂಕಾ ಸಾವಿನ ಶಿಬಿರದ ರೈಲಿಗೆ ಹತ್ತಿಸಿತು. ಮೊದಲ ದಿನ ಅತ್ತವರು ಮುಂದೆ ರೂಢಿ ಮಾಡಿಕೊಂಡರು.

ಯಾಕೆ ಮಾಡಿದರು? ಎಲ್ಲರಿಗೂ ಒಂದೇ ಕಾರಣ ಹುಡುಕುವುದು ವ್ಯರ್ಥ. ಯಹೂದಿಗಳ ಮೇಲೆ ಹೊಟ್ಟೆಯೊಳಗಿನಿಂದ ದ್ವೇಷ ಇದ್ದವರಿದ್ದರು. ಹೊರಬಂದರೆ ಜೊತೆಯವರು ಹೇಡಿ ಅಂದಾರು ಎಂದು ನಿಂತವರಿದ್ದರು. ಬಡ್ತಿಯ ಆಸೆ, ಕೊಳ್ಳೆಯ ಆಸೆ ಇದ್ದವರೂ ಇದ್ದರು. ಆದರೆ ಒಂದು ಮಾತು: ಜೊತೆಯವರ ಮುಂದೆ ಮುಖ ಉಳಿಸಿಕೊಳ್ಳುವುದು ಒಂದು ಮಗುವಿನ ಜೀವಕ್ಕಿಂತ ದೊಡ್ಡದಾಗಿ ಕಂಡಿದ್ದು ಹೇಗೆ? ಕೊಲ್ಲಿಸಿಕೊಳ್ಳುವವರು ಮನುಷ್ಯರೇ ಅಲ್ಲ ಎಂದು ವರ್ಷಗಟ್ಟಲೆ ಕೇಳಿಸಿಕೊಂಡು ಬಂದಿದ್ದರಿಂದ. 1933ರಲ್ಲಿ ಯಹೂದಿಗಳ ಸರ್ಕಾರಿ ನೌಕರಿ ಹೋಯಿತು. 1935ರಲ್ಲಿ ನ್ಯೂರೆಂಬರ್ಗ್ ಕಾನೂನಿನಿಂದ ಪೌರತ್ವದ ಹಕ್ಕು ಹೋಯಿತು. 1938ರ ನವೆಂಬರಿನಲ್ಲಿ ದೇಶದ ತುಂಬ ಸಿನಗಾಗ್‌ಗಳು, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳು, ಉರಿದವು. ಪ್ರತಿ ಹಂತದಲ್ಲೂ ನೆರೆಹೊರೆಯವರು ನೋಡುತ್ತ ನಿಂತಿದ್ದರು. ಆಮೇಲೆ ಅದೇ ಮನೆಗಳ ಮಂಚ, ಮೇಜು, ಪಾತ್ರೆಗಳನ್ನು ಹರಾಜಿನಲ್ಲಿ ಕೊಂಡರು. ನಾಯಕರ ನಿಜವಾದ ಪಾತ್ರ ಇರುವುದು ಇಲ್ಲಿ. ಪ್ರತಿಯೊಬ್ಬನ ಕೈಗೆ ಬಂದೂಕು ಕೊಟ್ಟದ್ದಕ್ಕಿಂತ ಮೊದಲು ಅವರು ಮಾಡಿದ್ದು, ಕೆಲವರನ್ನು ಕೊಂದರೂ ನಡೆಯುತ್ತದೆ ಎಂಬ ಮಾತನ್ನು ಕಾನೂನಿನಲ್ಲಿ, ಶಾಲೆಯಲ್ಲಿ, ಪತ್ರಿಕೆಯಲ್ಲಿ ಮಾಮೂಲಿ ಮಾತಾಗಿಸಿದ್ದು.

ಬಂದೂಕು ಮುಟ್ಟದವರ ಕಥೆ ಇನ್ನೂ ಉದ್ದ. ಆ ಕಾಲದ ಜರ್ಮನ್ ರೈಲ್ವೆ ಯಹೂದಿಗಳನ್ನು ಸಾವಿನ ಶಿಬಿರಕ್ಕೆ ಸಾಗಿಸಿದ್ದು ಪುಕ್ಕಟೆಯಾಗಿ ಅಲ್ಲ. ಮೂರನೇ ದರ್ಜೆಯ ದರ, ಕಿಲೋಮೀಟರಿಗೆ 4 ಫೆನ್ನಿಗ್ (ಜರ್ಮನ್ ಪೈಸೆ). 400 ಜನಕ್ಕಿಂತ ಜಾಸ್ತಿ ಇದ್ದರೆ ಗುಂಪಿನ ರಿಯಾಯಿತಿ, ಅರ್ಧ ದರ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್, ನಾಲ್ಕರೊಳಗಿನವರಿಗೆ ಉಚಿತ. ಕಾವಲಿನವರಿಗೆ ಹೋಗಿಬರುವ ಟಿಕೆಟ್, ಯಹೂದಿಗಳಿಗೆ ಹೋಗುವುದಕ್ಕೆ ಮಾತ್ರ. ಈ ಬಿಲ್ ಬರೆದ ಗುಮಾಸ್ತನಿಗೆ ಹೋಗುವ ಟಿಕೆಟ್ ಮಾತ್ರ ಯಾಕೆ ಎಂಬ ಪ್ರಶ್ನೆ ಏಳಲಿಲ್ಲವೇ? 1942ರ ಜುಲೈ 28ರಂದು ಸಾರಿಗೆ ಇಲಾಖೆಯ ಕಾರ್ಯದರ್ಶಿ ಗಾಂಜೆನ್‌ಮುಲ್ಲರ್ ಹಿಮ್ಲರನ ಆಪ್ತ ವುಲ್ಫ್‌ಗೆ ಪತ್ರ ಬರೆದ: ಜುಲೈ 22ರಿಂದ ವಾರ್ಸಾದಿಂದ ಟ್ರೆಬ್ಲಿಂಕಾಗೆ ದಿನಕ್ಕೊಂದು ರೈಲು, ಒಂದೊಂದರಲ್ಲಿ 5,000 ಯಹೂದಿಗಳು. ವುಲ್ಫ್ ತುಂಬ ಸಂತೋಷವಾಯಿತು ಎಂದು ಉತ್ತರ ಬರೆದು ಧನ್ಯವಾದ ಹೇಳಿದ. ಗಾಂಜೆನ್‌ಮುಲ್ಲರನ ಮೇಲೆ 1973ರಲ್ಲಿ ವಿಚಾರಣೆ ಶುರುವಾಯಿತು, ಆರೋಗ್ಯ ಸರಿಯಿಲ್ಲ ಎಂದು ನಿಂತುಹೋಯಿತು. ಆತನಿಗೆ ಶಿಕ್ಷೆ ಆಗಲೇ ಇಲ್ಲ.

ಆಶ್‌ವಿಟ್ಜ್ ಸಾವಿನ ಶಿಬಿರದ ಹೆಣ ಸುಡುವ ಕುಲುಮೆಗಳನ್ನು ಕಟ್ಟಿದ್ದು ಎರ್ಫುರ್ಟ್ ಊರಿನ ಟೋಪ್ಫ್ ಎಂಬ ಖಾಸಗಿ ಕಂಪನಿ. ಇನ್ನೂ ಬೇಗ ಸುಡುವುದು ಹೇಗೆ ಎಂದು ಅದರ ಎಂಜಿನಿಯರುಗಳು ತಾವಾಗಿಯೇ ಹೊಸ ನಕ್ಷೆ ಹಾಕುತ್ತಿದ್ದರು.

ಐಕ್‌ಮನ್ ಹೆಸರು ಹೇಳಿದಿರಿ. 1961ರಲ್ಲಿ ಜೆರುಸಲೇಮಿನ ಕೋರ್ಟಿನಲ್ಲಿ ಆತ, ನಾನು ರೈಲಿನ ವೇಳಾಪಟ್ಟಿ ನೋಡುವ ಗುಮಾಸ್ತ, ಹೇಳಿದ್ದು ಮಾಡಿದೆ ಎಂದು ವಾದಿಸಿದ. ಅದನ್ನು ಹಾಗೆಯೇ ನಂಬಿದವರು ಇವತ್ತಿಗೂ ಇದ್ದಾರೆ. ಆದರೆ ಸಿಕ್ಕಿಬೀಳುವ ಮೊದಲು, 1957ರಲ್ಲಿ, ಅರ್ಜೆಂಟೀನಾದಲ್ಲಿ ಹಳೇ ನಾಜಿ ಗೆಳೆಯರ ಜೊತೆ ಕೂತು ಟೇಪ್ ರೆಕಾರ್ಡರ್ ಮುಂದೆ ಹೇಳಿದ್ದು ಬೇರೆ. ಇನ್ನೊಂದು ಲೆಕ್ಕದಲ್ಲಿ ಬಂದಿದ್ದ 1 ಕೋಟಿ 3 ಲಕ್ಷ ಯಹೂದಿಗಳನ್ನೂ ಕೊಂದಿದ್ದರೆ ತನಗೆ ತೃಪ್ತಿಯಾಗುತ್ತಿತ್ತು ಎಂಬುದು ಅಲ್ಲಿನ ಮಾತು. 1944ರಲ್ಲಿ ಹಂಗೆರಿಯಿಂದ ಎಂಟು ವಾರದಲ್ಲಿ ಸುಮಾರು 4,37,000 ಯಹೂದಿಗಳನ್ನು ಸಾಗಿಸಲು ಮುಂದೆ ನಿಂತವನು ಇವನೇ.

ಆದರೆ ಅಲ್ಲೂ ಐಕ್‌ಮನ್ ಹತ್ತಿರ ಇದ್ದದ್ದು ಸಣ್ಣ ತಂಡ. ಮನೆ ಮನೆಗೆ ಹೋಗಿ ಜನರನ್ನು ಎಳೆತಂದದ್ದು ಹಂಗೆರಿಯ ಪೊಲೀಸರು. ಪ್ಯಾರಿಸ್‌ನಲ್ಲಿ 1942ರ ಜುಲೈ 16 ಮತ್ತು 17ರಂದು ಸುಮಾರು 13,000 ಜನರನ್ನು ಹಿಡಿದವರು ಫ್ರಾನ್ಸಿನ ಪೊಲೀಸರು, ಅವರಲ್ಲಿ 4,000ಕ್ಕೂ ಹೆಚ್ಚು ಮಕ್ಕಳು. ಸಣ್ಣ ಮಕ್ಕಳನ್ನೂ ಕಳಿಸೋಣ ಎಂದು ಮೊದಲು ಹೇಳಿದವನು ಜರ್ಮನ್ ಅಧಿಕಾರಿಯಲ್ಲ, ಫ್ರಾನ್ಸಿನ ಸರ್ಕಾರದ ಮುಖ್ಯಸ್ಥ ಲಾವಾಲ್. ಸ್ಲೊವಾಕಿಯಾ ತನ್ನ ಯಹೂದಿಗಳನ್ನು ಕರೆದುಕೊಂಡು ಹೋಗಿದ್ದಕ್ಕೆ ಜರ್ಮನಿಗೆ ತಲೆಗೆ 500 ಮಾರ್ಕ್ ಕೊಟ್ಟಿತು. ರೊಮೇನಿಯಾದಲ್ಲಿ ಆಂಟೊನೆಸ್ಕು ಆಡಳಿತ ತನ್ನದೇ ಸೈನ್ಯ, ಪೊಲೀಸರ ಕೈಯಲ್ಲಿ ಲಕ್ಷಗಟ್ಟಲೆ ಜನರನ್ನು ಕೊಲ್ಲಿಸಿತು. ಇನ್ನೊಂದು ಕಡೆ ಡೆನ್ಮಾರ್ಕ್ ನೋಡಿ. ಅದೂ ಜರ್ಮನಿಯ ಹಿಡಿತದಲ್ಲೇ ಇತ್ತು. 1943ರ ಅಕ್ಟೋಬರಿನಲ್ಲಿ ಅಲ್ಲಿನ ಜನ ಸುಮಾರು 7,200 ಯಹೂದಿಗಳನ್ನು ಮೀನುಗಾರರ ದೋಣಿಗಳಲ್ಲಿ ಸ್ವೀಡನ್‌ಗೆ ದಾಟಿಸಿದರು. ಸ್ವೀಡನ್ ಹತ್ತಿರವಿತ್ತು, ಜರ್ಮನ್ ಅಧಿಕಾರಿಯೊಬ್ಬರು ಮುಂಚೆಯೇ ಸುಳಿವು ಕೊಟ್ಟಿದ್ದರು, ಯಹೂದಿಗಳ ಸಂಖ್ಯೆಯೂ ಕಮ್ಮಿ. ಇದೆಲ್ಲ ನಿಜ. ಆದರೂ ದೋಣಿ ಬಿಚ್ಚಿದ್ದು ಮನುಷ್ಯರೇ ಅಲ್ವಾ?

ಒಟ್ಟು ಎಷ್ಟು ಜನ ಕೈ ಹಾಕಿದರು? ಜರ್ಮನಿ ಮತ್ತು ಆಸ್ಟ್ರಿಯಾದಿಂದಲೇ ಎರಡು ಲಕ್ಷಕ್ಕೂ ಹೆಚ್ಚು ಎಂದು ಇತಿಹಾಸಕಾರರ ಅಂದಾಜು. ಬೇರೆ ದೇಶದವರು ಇದಕ್ಕೆ ಹೊರತು. ಪಶ್ಚಿಮ ಜರ್ಮನಿಯ ಕೋರ್ಟುಗಳು ನಾಜಿ ಅಪರಾಧಗಳಿಗೆ ಶಿಕ್ಷೆ ಕೊಟ್ಟದ್ದು ಸುಮಾರು 6,600 ಜನರಿಗೆ. ಅದರಲ್ಲೂ ಕೊಲೆ ಆರೋಪದಲ್ಲಿ ಶಿಕ್ಷೆಯಾದವರು ಬಹಳ ಕಮ್ಮಿ. ಒಬ್ಬ ಆರೋಪಿ ಇಂಥ ದಿನ, ಇಂಥವರನ್ನು, ಸ್ವಂತ ಕೈಯಿಂದ ಕೊಂದ ಎಂದು ಸಾಬೀತು ಮಾಡಬೇಕು ಎಂದು ಕೋರ್ಟುಗಳು ಪಟ್ಟು ಹಿಡಿದಿದ್ದವು. ಕೊಂದವರನ್ನು ನೋಡಿದವರು ಬದುಕಿದ್ದರೆ ತಾನೇ ಸಾಕ್ಷಿ ಹೇಳುವುದು? 1963ರಿಂದ 1965ರವರೆಗೆ ಫ್ರಾಂಕ್‌ಫರ್ಟಿನಲ್ಲಿ ಆಶ್‌ವಿಟ್ಜ್ ಮೊಕದ್ದಮೆ ನಡೆಸಿದ ಸರ್ಕಾರಿ ವಕೀಲ ಫ್ರಿಟ್ಸ್ ಬಾವರ್ ಇದನ್ನು ಒಪ್ಪಿರಲಿಲ್ಲ. ಶಿಬಿರ ಕೊಲ್ಲುವುದಕ್ಕಾಗಿಯೇ ಇದ್ದದ್ದು, ಅಲ್ಲಿ ಕೆಲಸ ಮಾಡಿದವರೆಲ್ಲ ಆ ಕೊಲೆಯಲ್ಲಿ ಭಾಗಿಗಳು ಎಂಬುದು ಅವರ ವಾದ. ಆಗ ಅದು ನಡೆಯಲಿಲ್ಲ. 2011ರಲ್ಲಿ ಮ್ಯೂನಿಕ್ ಕೋರ್ಟು ಸೊಬಿಬೊರ್ ಶಿಬಿರದ ಕಾವಲುಗಾರ ಡೆಮ್ಯಾನ್ಯುಕ್‌ಗೆ ಶಿಕ್ಷೆ ಕೊಟ್ಟಾಗಲೇ ಆ ವಾದಕ್ಕೆ ಬೆಲೆ ಬಂತು. ಬಾವರ್ ಸತ್ತು 43 ವರ್ಷವಾಗಿತ್ತು.

ನೀವು ಕೇಳಿದ ಮುದುಕಿಯ ಹೆಸರು ಇರ್ಮ್‌ಗಾರ್ಡ್ ಫುರ್ಖ್ನರ್. 1943ರಿಂದ 1945ರವರೆಗೆ ಸ್ಟುಟ್‌ಹಾಫ್ ಶಿಬಿರದ ಕಮಾಂಡರ್ ಹೊಪ್ಪೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರು. ಆಗ 18, 19ರ ವಯಸ್ಸು. ಅದಕ್ಕೇ 97ರ ಆಕೆಯ ವಿಚಾರಣೆ ಬಾಲಾಪರಾಧಿಗಳ ನ್ಯಾಯಪೀಠದ ಮುಂದೆ ನಡೆಯಿತು. ಮೊದಲ ದಿನ ವೃದ್ಧಾಶ್ರಮದಿಂದ ಟ್ಯಾಕ್ಸಿ ಹತ್ತಿ ತಪ್ಪಿಸಿಕೊಳ್ಳಲು ನೋಡಿದರು. ಕೆಲವೇ ಗಂಟೆಗಳಲ್ಲಿ ಸಿಕ್ಕಿದರು. ಆ ಕಚೇರಿಯ ಕಿಟಕಿಯಿಂದ ಏನೇನು ಕಾಣುತ್ತಿತ್ತು ಎಂದು ನೋಡಲು ನ್ಯಾಯಾಧೀಶರು ಶಿಬಿರಕ್ಕೇ ಹೋಗಿ ಬಂದರು. ಅಲ್ಲಿ ಏನು ನಡೆಯುತ್ತಿದೆ ಎಂಬುದು ಆಕೆಗೆ ಗೊತ್ತಿತ್ತು ಎಂದು ತೀರ್ಮಾನಿಸಿದರು. 2022ರ ಡಿಸೆಂಬರಿನಲ್ಲಿ, 10,500ಕ್ಕೂ ಹೆಚ್ಚು ಕೊಲೆಗಳಿಗೆ ನೆರವಾದ ಅಪರಾಧಕ್ಕೆ ಎರಡು ವರ್ಷದ ಅಮಾನತು ಶಿಕ್ಷೆ ಆಯಿತು. 2024ರಲ್ಲಿ ಮೇಲಿನ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಕೆ ಜೈಲಿಗೆ ಹೋಗಲಿಲ್ಲ.

ಸರಿಯೇ ಎಂದು ಕೇಳಿದಿರಿ. ಸರಿ ಎನ್ನುವುದೇ ನನ್ನ ಉತ್ತರ. ತಪ್ಪಾಗಿದ್ದು ಅದಕ್ಕೆ ಬಹಳ ಮೊದಲು. ಆಕೆ ಯಾರ ಪತ್ರಗಳನ್ನು ಟೈಪ್ ಮಾಡಿದರೋ ಆ ಹೊಪ್ಪೆಗೆ 1957ರಲ್ಲಿ ಆದ ಶಿಕ್ಷೆ ಬರೀ ಒಂಬತ್ತು ವರ್ಷ, ಅದರಲ್ಲೂ 1960ರಲ್ಲೇ ಬಿಡುಗಡೆಯಾದ. ಫುರ್ಖ್ನರ್ ಅವರನ್ನೂ ಆಗಲೇ ಸಾಕ್ಷಿಯಾಗಿ ಕರೆಸಿ ಹೇಳಿಕೆ ಪಡೆದಿದ್ದರು. ಶಿಬಿರದಲ್ಲಿದ್ದೆ, ಕಾಗದಗಳು ನನ್ನ ಕೈಮೇಲೆ ಹೋಗುತ್ತಿದ್ದವು ಎಂದು ಹೇಳಿದ ಹೆಂಗಸನ್ನು ಮನೆಗೆ ಕಳಿಸಿದರು. ಸ್ಟುಟ್‌ಹಾಫ್‌ನಿಂದ ಬದುಕಿ ಬಂದವರಲ್ಲಿ ಹೆಚ್ಚಿನವರು ಆಗ ಇನ್ನೂ ಬದುಕಿದ್ದರು. ಕೋರ್ಟಿಗೆ ಬಂದು ಹೇಳಲು ಅವರಿಗೆ ಬೇಕಾದಷ್ಟಿತ್ತು.